ತಂಬೂರ: ಇಂದಿನ ಊರು, 2011ರ ಲೆಕ್ಕ

ತಂಬೂರ ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಹಳ್ಳಿ. ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆ ಹೊರಟರೆ ಎರೆ ಬಯಲು ಮುಗಿದು ಕಾಡು ಶುರುವಾಗುವ ಅರೆಮಲೆನಾಡಿನ ಸೆರಗಿದು. ನವಲಗುಂದದ ಕಡೆ ಕಡಲೆ, ಜೋಳ ಬೆಳೆದರೆ ಇಲ್ಲಿ ಭತ್ತ, ಗೋವಿನಜೋಳ. ಊರಿನ ಬಸವಣ್ಣನ ಗುಡಿ ಸುತ್ತಲಿನ ಸೀಮೆಗೆ ಹೆಸರುವಾಸಿ.

ಜನ ಎಷ್ಟು? ಸರ್ಕಾರದ ಕೈಯಲ್ಲಿರುವುದು 2011ರ ಜನಗಣತಿಯೇ. ಆಗ ಜಿಲ್ಲೆಯ ಜನಸಂಖ್ಯೆ 18,47,023. ಅವರಲ್ಲಿ ಸುಮಾರು ಶೇ 57 ಮಂದಿ ಪಟ್ಟಣವಾಸಿಗಳು. 2021ರ ಗಣತಿ ನಡೆಯಲೇ ಇಲ್ಲ.

ಇದು ಬರೀ ಅಂಕಿ-ಸಂಖ್ಯೆಯ ಮಾತಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪ್ರತಿ 400 ಜನರಿಗೆ ಒಬ್ಬ ಸದಸ್ಯ. ಆ 400 ಎಣಿಸುವುದು ಜನಗಣತಿಯಿಂದ. ಆಹಾರ ಭದ್ರತಾ ಕಾಯ್ದೆಯಡಿ ಕೇಂದ್ರ ಕೊಡುವ ರೇಷನ್ ಕೋಟಾಕ್ಕೂ 2011ರ ಲೆಕ್ಕವೇ ಆಧಾರ. ಆ ಗಣತಿಯ ಮರುವರ್ಷ ಹುಟ್ಟಿದ ಮಗು ಈಗ ಹೈಸ್ಕೂಲ್ ಮೆಟ್ಟಿಲು ಹತ್ತಿದೆ. ಲೆಕ್ಕದಲ್ಲಿ ಮಾತ್ರ ಅದು ಇನ್ನೂ ಹುಟ್ಟೇ ಇಲ್ಲ.

ಮುಂದಿನ ಗಣತಿಗೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಬೆಳಿಗ್ಗೆ ಹುಬ್ಬಳ್ಳಿಗೆ ದುಡಿಯಲು ಹೋಗಿ ಸಂಜೆ ಮರಳುವವರೂ ಊರಿನವರೇ. ಎಣಿಸುವವರು ಬಾಗಿಲಿಗೆ ಬಂದಾಗ ಒಬ್ಬರನ್ನೂ ಬಿಡದೆ ಬರೆಸಬೇಕು.