ಹೆಸರೇ ದಾರಿ ತಪ್ಪಿಸಿದ ಊತ

ಕೆಂಪು, ಊತ, ಬಿಸಿ, ನೋವು. ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ 1ನೇ ಶತಮಾನದಲ್ಲೇ ಹೇಳಿದ್ದ. ಊತ ಹೇಗೆ ಬರುತ್ತದೆ ಎಂಬುದು ಸ್ಪಷ್ಟವಾಗತೊಡಗಿದ್ದು 19ನೇ ಶತಮಾನದಲ್ಲಿ. ಜರ್ಮನಿಯ ಯೂಲಿಯಸ್ ಕೋನ್‌ಹೈಮ್ ಕಪ್ಪೆಯ ನಾಲಿಗೆಯನ್ನು ಸೂಕ್ಷ್ಮದರ್ಶಕದಡಿ ಹರಡಿ ನೋಡಿ, ಉರಿಯೂತದಲ್ಲಿ ರಕ್ತನಾಳದ ಗೋಡೆಯೇ ಬದಲಾಗಿ ಸೋರುತ್ತದೆ ಎಂದರು.

ಆದರೆ ಗಾಯವಿಲ್ಲದೆಯೂ ಕೆಲವರು ಊದಿಕೊಳ್ಳುತ್ತಿದ್ದರು. 1888ರಲ್ಲಿ ವಿಲಿಯಂ ಆಸ್ಲರ್ ಒಂದೇ ಕುಟುಂಬದ ಐದು ತಲೆಮಾರುಗಳಲ್ಲಿ ಇಂಥ ಕಾಯಿಲೆ ಇಳಿದು ಬಂದದ್ದನ್ನು ದಾಖಲಿಸಿದರು. ಇದರಲ್ಲಿ ಮುಖ, ಕೈಕಾಲು ಊದುತ್ತವೆ, ಹೊಟ್ಟೆ ನುಲಿಯುತ್ತದೆ. ಗಂಟಲು ಊದಿದರೆ ಉಸಿರೇ ಕಟ್ಟಬಹುದು. ಆಸ್ಲರ್ ಬಳಸಿದ ಹೆಸರು 'ಆಂಜಿಯೋನ್ಯೂರೋಟಿಕ್ ಎಡೀಮಾ'. ಅನುವಾದದ ಕೆಲಸ ಮಾಡುವ ನನ್ನ ಕಣ್ಣು ನಿಂತದ್ದು ಈ ಪದದ ನಡುವಿನ ತುಂಡಿನ ಮೇಲೆ. ಗ್ರೀಕಿನ 'ಆಂಜಿಯೋನ್' ಎಂದರೆ ನಾಳ, 'ನ್ಯೂರಾನ್' ಎಂದರೆ ನರ. ಅಂದರೆ ಹೆಸರಿಡುವಾಗಲೇ ತಪ್ಪನ್ನು ನರದ ತಲೆಗೆ ಕಟ್ಟಿಯಾಗಿತ್ತು. ರೋಗಿಯ ನರಳಾಟವನ್ನು ಮನಸ್ಸಿನ ಉದ್ವೇಗ ಎನ್ನುವುದೂ ಸುಲಭವಾಯಿತು.

ಉತ್ತರ ಇದ್ದದ್ದು ರಕ್ತದಲ್ಲಿ. ಅದರ ಮೊದಲ ಎಳೆ ಸಿಕ್ಕಿದ್ದು ಬ್ರೆಜಿಲ್‌ನಲ್ಲಿ, ಹಾವಿನ ವಿಷದ ಅಧ್ಯಯನದಿಂದ. 1949ರಲ್ಲಿ ಮೌರಿಸಿಯೊ ರೋಶಾ ಎ ಸಿಲ್ವ ಮತ್ತು ಜೊತೆಗಾರರು, ಜರರಾಕ ಎಂಬ ಹಾವಿನ ವಿಷ ರಕ್ತದ ಪ್ರೋಟೀನಿನೊಂದಿಗೆ ಸೇರಿದಾಗ ಹೊಸದೊಂದು ವಸ್ತು ಹುಟ್ಟುವುದನ್ನು ಕಂಡರು. ಅದು ಪ್ರಾಣಿಯ ಕರುಳನ್ನು ನಿಧಾನವಾಗಿ ಸಂಕುಚಿಸುತ್ತಿತ್ತು. ಹಾಗಾಗಿ 'ನಿಧಾನ ಚಲನೆ' ಎಂಬರ್ಥದ ಗ್ರೀಕ್ ಪದಗಳಿಂದ ಬ್ರ್ಯಾಡಿಕೈನಿನ್ ಎಂದು ಕರೆದರು.

ನಮ್ಮ ರಕ್ತದಲ್ಲಿ ಕೈನಿನೋಜೆನ್ ಎಂಬ ಪ್ರೋಟೀನು ಸದಾ ಹರಿಯುತ್ತಿರುತ್ತದೆ. ಕ್ಯಾಲಿಕ್ರೀನ್ ಎಂಬ ಕಿಣ್ವ ಅದರಿಂದ ಬ್ರ್ಯಾಡಿಕೈನಿನ್ ತುಂಡನ್ನು ಕತ್ತರಿಸಿ ಬಿಡುತ್ತದೆ. ಆ ತುಂಡು ರಕ್ತನಾಳದ ಒಳಪದರದ ಜೀವಕೋಶಗಳ ಬೆಸುಗೆಯನ್ನು ಸಡಿಲಿಸಿದಾಗ ನೀರಿನಂಶ ಹೊರಗೆ ಸೋರುತ್ತದೆ. ಹಾಗಾದರೆ ನಾವೆಲ್ಲ ದಿನವೂ ಯಾಕೆ ಊದಿಕೊಳ್ಳುವುದಿಲ್ಲ? ಕತ್ತರಿಯನ್ನು ಹಿಡಿದಿಡುವ ಇನ್ನೊಂದು ಪ್ರೋಟೀನು ರಕ್ತದಲ್ಲಿದೆ: ಸಿ1 ಇನ್ಹಿಬಿಟರ್. 1963ರಲ್ಲಿ ವರ್ಜೀನಿಯಾ ಡೊನಾಲ್ಡ್‌ಸನ್ ಮತ್ತು ರಿಚರ್ಡ್ ಇವಾನ್ಸ್, ಈ ಕಾಯಿಲೆಯವರಲ್ಲಿ ಕೊರತೆಯಿರುವುದು ಇದರದ್ದೇ ಎಂದು ತೋರಿಸಿದರು. ಆಸ್ಲರ್ ಬರೆದು 75 ವರ್ಷಗಳಾಗಿದ್ದವು.

ಈಗ ಕಾಯಿಲೆಯ ಹೆಸರಿನಿಂದ 'ನ್ಯೂರೋ' ಉದುರಿದೆ. 'ಹೆರಿಡಿಟರಿ ಆಂಜಿಯೋಎಡೀಮಾ' ಎನ್ನುತ್ತಾರೆ. ಕೊರತೆಯಿರುವ ಪ್ರೋಟೀನನ್ನೇ ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆಯೂ ಇದೆ. ಆದರೆ ಇಂದಿಗೂ ಇದನ್ನು ಅಲರ್ಜಿ ಎಂದು ತಿಳಿಯುವುದುಂಟು. ಅಲರ್ಜಿಯ ಊತದಲ್ಲಿ ಹಿಸ್ಟಮೀನಿನದು ಮುಖ್ಯ ಪಾತ್ರ. ಇಲ್ಲಿ ಹಾಗಲ್ಲ, ಆದ್ದರಿಂದ ಅಲರ್ಜಿಯ ಮಾತ್ರೆ ಇದಕ್ಕೆ ನಾಟುವುದಿಲ್ಲ. ತುರಿಕೆ, ದದ್ದು ಇಲ್ಲದೆ ಮತ್ತೆ ಮತ್ತೆ ಊತ ಬರುತ್ತಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಹಾಗೆ ಆಗಿದ್ದರೆ, ವೈದ್ಯರಿಗೆ ಅದನ್ನು ಹೇಳಬೇಕು. ಐದು ತಲೆಮಾರಿನ ಆ ಕುಟುಂಬಕ್ಕೆ ಸಿಗದ ಉತ್ತರ ಇವತ್ತು ಒಂದು ರಕ್ತಪರೀಕ್ಷೆಯಲ್ಲಿ ಸಿಗಬಹುದು.