ಹಲ್ಲಿನ ಖರ್ಚಿಗೂ ಒಂದು ಚರಿತ್ರೆ

ಕಳೆದ ಮಳೆಗಾಲದ ಒಂದು ರಾತ್ರಿ ಹುರಿಗಡಲೆ ಜಗಿಯುತ್ತಿದ್ದಾಗ ನನ್ನ ಬಲದವಡೆಯ ಹಲ್ಲೊಂದು ಕಟ್ಟೆಂದು ಸೀಳಿತು. ‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆ ಇಷ್ಟು ಅಕ್ಷರಶಃ ನನ್ನ ಪಾಲಿಗೆ ಬರುತ್ತದೆಂದು ಎಣಿಸಿರಲಿಲ್ಲ. ಮರುದಿನ ಡೊಂಬಿವಲಿ ಪೂರ್ವದ ಒಂದು ಕ್ಲಿನಿಕ್ಕಿಗೆ ಹೋದೆ. ಎಕ್ಸ್-ರೇ ನೋಡಿದ ವೈದ್ಯರು, ಸೀಳಿದ್ದು ಒಂದಾದರೂ ಅದರ ಆಚೀಚಿನ ಎರಡು ಹಲ್ಲುಗಳೂ ಒಳಗೊಳಗೇ ಹುಳುಕಾಗಿವೆ ಎಂದರು. ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ಹೀಗಿತ್ತು: ಎರಡು ಹಲ್ಲಿಗೆ ರೂಟ್ ಕೆನಾಲ್ 12,000, ಅವುಗಳ ಮೇಲೆ ಜಿರ್ಕೋನಿಯಾ ಕ್ಯಾಪ್ 24,000, ಸೀಳಿದ ಹಲ್ಲನ್ನು ಕಿತ್ತು ಆ ಜಾಗದಲ್ಲಿ ಇಂಪ್ಲಾಂಟ್ 38,000. ಒಟ್ಟು 74,000 ರೂಪಾಯಿ.

ಆಫೀಸಿನ ಆರೋಗ್ಯ ವಿಮೆಯಿದೆಯಲ್ಲ ಎಂದು ಸಹಾಯವಾಣಿಗೆ ಫೋನ್ ಮಾಡಿದೆ. “ಅಪಘಾತದಲ್ಲಿ ಮುರಿದದ್ದೇ?” ಎಂದು ಕೇಳಿದರು. “ಅಲ್ಲ, ಕಡಲೆ” ಎಂದೆ. ಕಡಲೆ ಅಪಘಾತದ ಪಟ್ಟಿಯಲ್ಲಿ ಇರಲಿಲ್ಲ.

ರಾತ್ರಿ ಕುಂದಾಪುರದ ಕಡೆ ಇರುವ ಚಿಕ್ಕಪ್ಪನಿಗೆ ಹೇಳಿದೆ. ಅವರು 1962ರಲ್ಲಿ ಮುಂಬಯಿಗೆ ಬಂದು ಫೋರ್ಟಿನ ಹೊಟೇಲೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು, ಡೊಂಬಿವಲಿಯಲ್ಲಿ ಸಂಸಾರ ಮಾಡಿ ಊರಿಗೆ ಮರಳಿದವರು. ಹೆಚ್ಚು ಯೋಚಿಸದೆ ಹೇಳಿದರು: “ಕೀಳಿಸಿ ಬಿಡು ಮಾರಾಯ. ನಾನು ಬೆಳಿಗ್ಗೆ ಕೀಳಿಸಿ ಸಂಜೆ ಪಾಳಿಗೆ ಹೋಗ್ತಿದ್ದೆ.” ಹೀಗೆ ಹೋದ ಹಲ್ಲುಗಳು ಎಷ್ಟೆಂದು ಕೇಳಿದೆ. ಎಣಿಸಿ ಒಂಬತ್ತು ಎಂದರು.

ಅವರು ಹೊಟೇಲ್ ಕಾರ್ಮಿಕ. ನಾನು ಐರೋಲಿಯ ಕಂಪೆನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಇಬ್ಬರ ಸಂಬಳಕ್ಕೂ ಹೋಲಿಕೆಯಿಲ್ಲ. ಆದರೂ ಹಲ್ಲು ನೋವು ಬಂದಾಗ ಇಬ್ಬರೂ ನಿಂತದ್ದು ಒಂದೇ ಜಾಗದಲ್ಲಿ: ಕೈ ಸ್ವಂತ ಜೇಬಿಗೇ ಹೋಗಬೇಕು. ಕೈಯೋ ಕಾಲೋ ಮುರಿದರೆ ಹಣ ಕೊಡುವ ವ್ಯವಸ್ಥೆ ಹಲ್ಲು ಮುರಿದರೆ ಏಕೆ ಮುಖ ತಿರುಗಿಸುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದು ಡೊಂಬಿವಲಿಯಿಂದ ಬಹಳ ದೂರಕ್ಕೆ ಒಯ್ಯುತ್ತದೆ.

1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಗತ್ತಿನ ಮೊದಲ ದಂತ ಕಾಲೇಜು ಆರಂಭವಾಯಿತು. ಅದನ್ನು ಕಟ್ಟಿದವರು ಮೊದಲು ವೈದ್ಯಕೀಯ ಕಾಲೇಜಿನ ಬಾಗಿಲು ತಟ್ಟಿದರು, ಅಲ್ಲಿ ತಿರಸ್ಕಾರವಾದ್ದರಿಂದ ಬೇರೆ ಮನೆ ಮಾಡಿದರು ಎಂಬ ಕಥೆ ದಂತವೈದ್ಯರಲ್ಲಿ ಪ್ರಚಲಿತವಾಗಿದೆ. ಕಥೆ ಏನೇ ಇರಲಿ, ಪಾಲು ಆದದ್ದು ನಿಜ. ಅಂದಿನಿಂದ ಹಲ್ಲಿಗೊಂದು ಕಾಲೇಜು, ಉಳಿದ ದೇಹಕ್ಕೊಂದು ಕಾಲೇಜು. ಹಲ್ಲಿಗೊಂದು ಪದವಿ, ದೇಹಕ್ಕೊಂದು ಪದವಿ. ಮುಂದೆ ಕಾನೂನು, ವಿಮೆ, ಸರಕಾರಿ ಯೋಜನೆಗಳು ಬಂದಾಗ ಅವೂ ಈ ಗೋಡೆಯನ್ನು ಹಾಗೆಯೇ ಉಳಿಸಿಕೊಂಡವು.

ನಮ್ಮ ದೇಶದಲ್ಲಿ ಮೊದಲ ದಂತ ಕಾಲೇಜನ್ನು 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದವರು ಡಾ. ರಫಿಯುದ್ದೀನ್ ಅಹ್ಮದ್. ಅಮೆರಿಕದ ಐಯೊವಾದಲ್ಲಿ ಓದಿ ಬಂದ ಅವರು ಕಾಲೇಜಿನ ಖರ್ಚಿಗೆ ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಅಂಗಡಿ ನಡೆಸಿದರು. ಸಿಹಿ ಪಾನೀಯದ ಲಾಭದಿಂದ ಹುಳುಕು ಹಲ್ಲಿನ ಕಾಲೇಜು! ಹೊಟೇಲ್ ನಡೆಸಿ ಶಾಲೆ ಕಟ್ಟಿದ ನಮ್ಮ ಕರಾವಳಿಯವರಿಗೆ ಈ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ. ಮುಂಬಯಿಯಲ್ಲಿ 1933ರಲ್ಲಿ ನಾಯರ್ ಆಸ್ಪತ್ರೆಯ ದಂತ ಕಾಲೇಜು ಶುರುವಾಯಿತು. ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಕಾಲೇಜು ಇದೆ. ಒಂದು ನಗರಪಾಲಿಕೆಯದು, ಇನ್ನೊಂದು ರಾಜ್ಯದ್ದು. ಥಾಣೆ, ಕಲ್ಯಾಣದ ಕಡೆಯ ಬಡವರಿಗೆ ಬಹುಕಾಲ ಇವೆರಡೇ ದೊಡ್ಡ ಆಸರೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಒಂದೇ ಗಾಡಿ. ಆದರೆ ಹೊರರೋಗಿ ವಿಭಾಗ ನಡೆಯುವುದು ಹಗಲಲ್ಲಿ. ಹೋದರೆ ಅರ್ಧ ದಿನದ ಕೂಲಿ ಹೋಯಿತು, ರೂಟ್ ಕೆನಾಲ್ ಎಂದರೆ ಅಂಥ ಅರ್ಧ ದಿನಗಳು ನಾಲ್ಕೈದು. ಚಿಕಿತ್ಸೆ ಅಗ್ಗವಾದರೂ ದಿನ ಅಗ್ಗವಲ್ಲ. ಚಿಕ್ಕಪ್ಪ ಕೀಳಿಸುತ್ತಲೇ ಹೋದದ್ದರ ಗುಟ್ಟು ಇಲ್ಲಿದೆ: ಕೀಳಿಸಲು ಒಂದೇ ಭೇಟಿ ಸಾಕು.

ಪದವೀಧರರು ಬರುವ ಮುಂಚೆ, ಬಂದ ಮೇಲೂ, ಹಲ್ಲಿನ ಕೆಲಸ ನಡೆಯುತ್ತಿದ್ದುದು ಬೀದಿಯಲ್ಲಿ. ಕಲ್ಕತ್ತಾ, ಮುಂಬಯಿ ಮೊದಲಾದ ನಗರಗಳಲ್ಲಿ ಚೀನೀ ದಂತವೈದ್ಯರಿದ್ದರು. ಹುಬೇ ಪ್ರಾಂತದಿಂದ ಬಂದು ಅಪ್ಪನಿಂದ ಮಗ ಕಲಿತು ನಡೆಸಿದ ಕಸುಬು. 1948ರ ದಂತವೈದ್ಯರ ಕಾಯ್ದೆ ಈ ಎರಡು ಲೋಕಗಳನ್ನೂ ಒಂದೇ ಪುಸ್ತಕಕ್ಕೆ ತಂದಿತು. ನೋಂದಣಿಯ ‘ಎ’ ಭಾಗ ಪದವಿ ಇದ್ದವರಿಗೆ, ‘ಬಿ’ ಭಾಗ ಪದವಿಯಿಲ್ಲದೆ ವರ್ಷಗಟ್ಟಲೆ ಕೆಲಸ ಮಾಡಿಕೊಂಡು ಬಂದವರಿಗೆ.

1948 ಇನ್ನೆರಡು ಕಾರಣಗಳಿಗಾಗಿ ನೆನಪಿಡಬೇಕಾದ ವರ್ಷ. ಅದೇ ಏಪ್ರಿಲಿನಲ್ಲಿ ನಮ್ಮಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ಅಂದರೆ ಇಎಸ್‌ಐ, ಅಂಗೀಕಾರವಾಯಿತು. ಜುಲೈನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಬ್ರಿಟನ್ ಹಲ್ಲನ್ನೂ ದೇಹದ ಭಾಗವೆಂದೇ ಒಪ್ಪಿ ಎಲ್ಲವನ್ನೂ ಉಚಿತ ಮಾಡಿತು. ಅಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ರೋಗಗಳ ಮೂಲವೆಲ್ಲ ಕೊಳೆತ ಹಲ್ಲಿನಲ್ಲಿದೆ ಎಂಬ ಮತ ಹಬ್ಬಿ ಲಕ್ಷಾಂತರ ಜನ ಹಲ್ಲು ಕೀಳಿಸಿಕೊಂಡಿದ್ದರು. ಈಗ ಎಲ್ಲರೂ ಹಲ್ಲಿನ ಸೆಟ್ಟಿಗಾಗಿ ಸಾಲು ನಿಂತರು. ಅಂದಾಜು ಮೀರಿತು. 1951ರಲ್ಲಿ ಸರಕಾರ ಹಲ್ಲಿನ ಸೆಟ್ಟು, ಕನ್ನಡಕಗಳಿಗೆ ಅರ್ಧದಷ್ಟು ಶುಲ್ಕ ಹಾಕಲು ಹೊರಟಿತು. ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಇದನ್ನು ವಿರೋಧಿಸಿ ಮಂತ್ರಿಪದವಿ ಬಿಟ್ಟರು. ಜಗತ್ತಿನ ಅತ್ಯಂತ ಉದಾರ ಆರೋಗ್ಯ ವ್ಯವಸ್ಥೆಗೆ ಮೊದಲ ಬಿರುಕು ಬಿಟ್ಟದ್ದು ಹಲ್ಲಿನ ಜಾಗದಲ್ಲೇ.

ನಮ್ಮಲ್ಲಿ ಇಎಸ್‌ಐ ಮೊದಲು ಅನ್ವಯಿಸಿದ್ದು ಕಾರ್ಖಾನೆಗಳಿಗೆ. ಗಿರಣಿ ಕಾರ್ಮಿಕನಿಗೆ ಕಾರ್ಡು ಸಿಕ್ಕಿತು. ಹೊಟೇಲ್ ಮಾಣಿಗೆ ಬಹುಕಾಲ ಸಿಗಲಿಲ್ಲ. ಮಧ್ಯಮವರ್ಗಕ್ಕೆ 1986ರಲ್ಲಿ ‘ಮೆಡಿಕ್ಲೇಮ್’ ಬಂತು. ಅದರ ಕಲ್ಪನೆಯೆಲ್ಲ ಆಸ್ಪತ್ರೆಯ ಹಾಸಿಗೆಯ ಸುತ್ತ. ಹಲ್ಲಿನ ರೋಗಿಯೋ ಕುರ್ಚಿಯಲ್ಲಿ ಕೂರುತ್ತಾನೆ, ಹಾಸಿಗೆಯಲ್ಲಿ ಮಲಗುವುದಿಲ್ಲ. ನನ್ನ ಕಡಲೆಯ ಪ್ರಕರಣ ಬಿದ್ದುಹೋದದ್ದು ಈ ಕುರ್ಚಿ ಮತ್ತು ಹಾಸಿಗೆಯ ನಡುವಿನ ಸಂದಿಯಲ್ಲಿ.

ಹಾಗಾದರೆ ನಮ್ಮವರು ಏನು ಮಾಡಿದರು? ಇಲ್ಲಿ ಒಂದು ಹಳೆಯ, ಹೆಮ್ಮೆಪಡಬಹುದಾದ ಕಥೆಯಿದೆ. ಕೆನರಾದಿಂದ ಮುಂಬಯಿಗೆ ಬಂದ ಚಿತ್ರಾಪುರ ಸಾರಸ್ವತ ಗುಮಾಸ್ತರು ಅನಿರೀಕ್ಷಿತ ಖರ್ಚು ಬಂದಾಗ ಬಡ್ಡಿಯವರ ಕೈಗೆ ಸಿಗಬಾರದೆಂದು ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರ ಡಿಸೆಂಬರಿನಲ್ಲಿ ಒಂದು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಅದಕ್ಕೆ ಶಾಮರಾವ್ ವಿಠ್ಠಲ್ ಕಾಯ್ಕಿಣಿಯವರ ಹೆಸರಿಟ್ಟರು. ಇಂದಿನ ಎಸ್‌ವಿಸಿ ಬ್ಯಾಂಕ್ ಅದೇ. 1978ರಲ್ಲಿ ಮುಂಬಯಿ ಬಿಲ್ಲವರ ಅಸೋಸಿಯೇಶನ್ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನು ಹುಟ್ಟುಹಾಕಿತು. ಇತ್ತ ಉಪನಗರಗಳಲ್ಲಿ 1970ರಲ್ಲಿ ಡೊಂಬಿವಲಿ ನಾಗರಿ, 1972ರಲ್ಲಿ ಥಾಣೆ ಜನತಾ, 1973ರಲ್ಲಿ ಕಲ್ಯಾಣ ಜನತಾ ಸಹಕಾರಿ ಬ್ಯಾಂಕುಗಳು ಎದ್ದವು. ಮದುವೆ, ಫೀಸು, ಆಪರೇಶನ್, ಬಾಡಿಗೆ ಮನೆಯ ಪಗಡಿ ಇವಕ್ಕೆಲ್ಲ ನೆರವಾದದ್ದು ಇಂಥ ಬ್ಯಾಂಕುಗಳು, ಹೊಟೇಲಿನ ಹಿಂದುಗಡೆ ನಡೆಯುತ್ತಿದ್ದ ‘ಭಿಶಿ’ ಚೀಟಿಗಳು. ಆದರೆ ಚಿಕ್ಕಪ್ಪನನ್ನು ಕೇಳಿದರೆ, ಹಲ್ಲಿಗಾಗಿ ಭಿಶಿ ಎತ್ತಿದವರನ್ನು ತಾನು ಕಂಡಿಲ್ಲ ಎನ್ನುತ್ತಾರೆ. ಮಗಳ ಮದುವೆಗೆ ಸಾಲ ಕೇಳಲು ನಾಚಿಕೆಯಿಲ್ಲ. ಹಲ್ಲಿಗೆ ಕೇಳಿದರೆ ನಗುತ್ತಾರೆ.

ಇದೇ ಕರಾವಳಿಯ ಮತ್ತೊಂದು ವಿಚಿತ್ರ ನೋಡಿ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಅದರ ಸ್ಥಾಪಕರಲ್ಲೊಬ್ಬರಾದ ಟಿ.ಎಂ.ಎ. ಪೈಯವರೇ 1965ರಲ್ಲಿ ಮಣಿಪಾಲದಲ್ಲಿ ದಂತ ಕಾಲೇಜು ತೆರೆದರು. ಚಿಕ್ಕಪ್ಪ ಮುಂಬಯಿಗೆ ಬಂದು ಮೂರು ವರ್ಷವಾಗಿತ್ತು. ಹಲ್ಲು ಉಳಿಸುವ ವಿದ್ಯೆ ಅವರ ಊರಿನ ಪಕ್ಕಕ್ಕೆ ಬಂತು. ಅವರು ಫೋರ್ಟಿನಲ್ಲಿ ಹಲ್ಲು ಕೀಳಿಸುತ್ತಿದ್ದರು.

ಉಳಿಸುವ ವಿದ್ಯೆಗೆ ಬೆಲೆ ಏಕೆ ಹೆಚ್ಚು ಎಂಬುದಕ್ಕೂ ಚರಿತ್ರೆಯಿದೆ. ಹಲ್ಲಿನ ಎಕ್ಸ್-ರೇ ಬಂದದ್ದು 1896ರಲ್ಲಿ. ಬೇರಿನೊಳಗೆ ಏನಿದೆಯೆಂದು ಕಂಡದ್ದು ಅದರ ನಂತರ. ಮರಗಟ್ಟಿಸುವ ನೊವೊಕೇನ್ 1905ರದು, ಇಂದು ಬಳಸುವ ಲಿಡೊಕೇನ್ 1943ರದು. ಗಾಳಿಯೊತ್ತಡದಿಂದ ಅತಿವೇಗವಾಗಿ ತಿರುಗುವ ಕೊರೆಯುವ ಯಂತ್ರ 1957ರದು. ಸ್ವೀಡನ್ನಿನ ಬ್ರೋನೆಮಾರ್ಕ್ ಮನುಷ್ಯನ ದವಡೆಗೆ ಮೊದಲ ಟೈಟೇನಿಯಂ ಬೇರು ಕೂರಿಸಿದ್ದು 1965ರಲ್ಲಿ. ಕೀಳಲು ಒಂದು ಇಕ್ಕಳ, ಒಂದು ಸೂಜಿ ಸಾಕು. ಉಳಿಸಲು ಈ ಇಡೀ ಶತಮಾನವೇ ಕುರ್ಚಿಯ ಪಕ್ಕ ನಿಲ್ಲಬೇಕು. ಅದರ ಜತೆಗೆ ಕ್ಲಿನಿಕ್ಕಿನ ಬಾಡಿಗೆ, ಯಂತ್ರದ ಕಂತು, ಕ್ಯಾಪ್ ಮಾಡುವ ಲ್ಯಾಬಿನ ಬಿಲ್ಲು. ಅಗ್ಗದ ಚಿಕಿತ್ಸೆ ಹಲ್ಲನ್ನು ಕಳೆಯುತ್ತದೆ, ದುಬಾರಿಯದು ಉಳಿಸುತ್ತದೆ. ಹೀಗಾಗಿಯೇ ಬಾಯಿ ತೆರೆದರೆ ಒಬ್ಬನ ಆದಾಯದ ಚರಿತ್ರೆ ಕಾಣುತ್ತದೆ.

ಉಜ್ಜುವ ಕೆಲಸದಲ್ಲಂತೂ ನಾವು ಹಿಂದೆ ಬಿದ್ದವರಲ್ಲ. ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಕನ್ನಡದ ಎಷ್ಟು ಬಚ್ಚಲುಗಳಲ್ಲಿ ಕೆಂಪು ಕಲೆ ಬಿಟ್ಟಿದೆಯೋ! 1952ರಲ್ಲಿ ಪರೇಲಿನ ಮನೆಯಲ್ಲಿ ಹಲ್ಲುಪುಡಿ ಮಾಡಿ ಬಾಗಿಲು ಬಾಗಿಲಿಗೆ ಮಾರಿದ ಕೇಶವ ವಿಷ್ಣು ಪೆಂಢಾರ್ಕರರ ‘ವಿಕೋ’, ನಮ್ಮ ಡೊಂಬಿವಲಿಯಲ್ಲೇ ಕಾರ್ಖಾನೆ ಹಾಕಿತು. ವಿಕೋದ ಉತ್ಪನ್ನಗಳು ಔಷಧವೋ ಸೌಂದರ್ಯಸಾಧನವೋ ಎಂಬ ತೆರಿಗೆಯ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕಂಪೆನಿ ಔಷಧವೆಂದೇ ಗೆದ್ದಿತು. ನನ್ನ ವಿಮೆಯವರು ಕೇಳುವುದೂ ಅದೇ ಪ್ರಶ್ನೆ: ಹಲ್ಲು ಆರೋಗ್ಯವೋ ಅಲಂಕಾರವೋ?

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದದ್ದು ಸರಳ ವಿಷಯ. ಬೆಂಕಿ, ಅಪಘಾತ ಬರಬಹುದು, ಬಾರದಿರಬಹುದು. ಅದಕ್ಕೆ ವಿಮೆ ಸರಿ. ಹಲ್ಲು ಹುಳುಕಾಗುವುದು ಹೆಚ್ಚುಕಡಿಮೆ ಎಲ್ಲರಿಗೂ, ನಿಧಾನವಾಗಿ. ಅದು ಅನಿರೀಕ್ಷಿತವಲ್ಲ, ನಾವು ನೋಡದೆ ಬಿಟ್ಟದ್ದು. ಅದಕ್ಕೆ ವಿಮೆಗಿಂತ ಪಿಗ್ಮಿ ಹತ್ತಿರದ ಔಷಧ. ನನ್ನ 74,000ವನ್ನು ಎರಡು ವರ್ಷಕ್ಕೆ ಹಂಚಿದರೆ ದಿನಕ್ಕೆ ನೂರು ರೂಪಾಯಿ ಚಿಲ್ಲರೆ. ನನಗೆ ಇದು ಸಾಧ್ಯ. ದಿನಗೂಲಿಯವನಿಗೆ ಸಾಧ್ಯವಿಲ್ಲ. ಅವನಿಗೆ ಪಿಗ್ಮಿಯ ಉಪದೇಶ ಸಾಲದು, ಸಂಜೆಯೂ ತೆರೆದಿರುವ ಸರಕಾರಿ ದಂತ ಚಿಕಿತ್ಸಾಲಯ ಬೇಕು. 1948ರಿಂದ ಬಾಕಿ ಉಳಿದ ಕೆಲಸವದು.

ಕೊನೆಗೆ ನಾನು ಮಾಡಿದ್ದು ಇಷ್ಟು. ಚೀಟಿಯನ್ನು ಹಿಡಿದು ಇನ್ನೊಬ್ಬ ವೈದ್ಯರ ಬಳಿ ಹೋಗಿ, ಇವತ್ತೇ ಆಗಬೇಕಾದದ್ದು ಯಾವುದು, ಕಾಯಬಹುದಾದದ್ದು ಯಾವುದು ಎಂದು ಕೇಳಿದೆ. ಸೋಂಕು ಕಾಯುವುದಿಲ್ಲ, ಇಂಪ್ಲಾಂಟ್ ಕಾಯುತ್ತದೆ ಎಂದರು. ತೀರಾ ತಡವಾದರೆ ಅಲ್ಲಿನ ಎಲುಬು ಸವೆಯುತ್ತದೆ ಎಂದೂ ಎಚ್ಚರಿಸಿದರು. ನೆರೂಲ್, ಬೇಲಾಪುರ, ಖಾರ್ಘರ್, ಕಾಮೋಠೆಯ ಕಡೆ ಈಗ ದಂತ ಕಾಲೇಜುಗಳಿವೆ. ಥಾಣೆಯಲ್ಲಿ ಗಾಡಿ ಬದಲಿಸಿದರೆ ಟ್ರಾನ್ಸ್-ಹಾರ್ಬರ್ ಮಾರ್ಗ. ಅಂಥ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು, ಹಿಂದೆ ನಿಂತ ಪ್ರಾಧ್ಯಾಪಕರು ಸೇರಿ ನನ್ನ ಎರಡು ಹಲ್ಲು ಉಳಿಸಿ, ಜಿರ್ಕೋನಿಯಾ ಬದಲು ಲೋಹದ ಕ್ಯಾಪ್ ಹಾಕಿ, ಸೀಳಿದ್ದನ್ನು ಕಿತ್ತರು. ಹನ್ನೊಂದು ಭೇಟಿ, 11,400 ರೂಪಾಯಿ. ಹನ್ನೊಂದು ಭೇಟಿಗೆ ರಜೆ ಕೊಡುವ ಕೆಲಸ ನನಗಿತ್ತು. ಚಿಕ್ಕಪ್ಪನಿಗೆ ಇರಲಿಲ್ಲ.

ಅವರಿಗೆ ಮಣಿಪಾಲದಲ್ಲಿ ಒಂದು ಹಲ್ಲಿನ ಸೆಟ್ಟು ಮಾಡಿಸೋಣ ಎಂದೆ. “ಇನ್ನೆಷ್ಟು ವರ್ಷ ಜಗಿಯಲಿಕ್ಕುಂಟು, ಸುಮ್ಮನೆ ದುಡ್ಡು ದಂಡ” ಎಂದು ಬಾಯಿ ಮುಚ್ಚಿಸಿದರು. ಕಳೆದ ತಿಂಗಳು ಮೊಮ್ಮಗಳ ನಿಶ್ಚಿತಾರ್ಥದ ಫೋಟೋಗಳು ಬಂದವು. ಎಲ್ಲದರಲ್ಲೂ ಚಿಕ್ಕಪ್ಪ ತುಟಿ ಬಿಗಿದು ನಿಂತಿದ್ದಾರೆ. ಮದುವೆ ಮೇ ತಿಂಗಳಲ್ಲಿ. ಮೊನ್ನೆ ಅವರೇ ಫೋನ್ ಮಾಡಿ ಮಳೆ, ತೆಂಗಿನಕಾಯಿ ದರ ಎಲ್ಲ ಮಾತಾಡಿದ ಮೇಲೆ, ಇಡುವ ಮೊದಲು ಕೇಳಿದರು: “ಅದು, ನೀನು ಹೇಳಿದ ಆ ಸೆಟ್ಟು... ಎಷ್ಟು ಸಲ ಹೋಗಬೇಕಾಗ್ತದೆ?”

ಎಷ್ಟಾಗುತ್ತದೆ ಎಂದು ಅವರು ಕೇಳಲಿಲ್ಲ.