ಮೈಬಣ್ಣ, ಮೂಲ ಮತ್ತು ಎಳೆಯರೊಡನೆ ಸಮಾನತೆಯ ಮಾತು: ಮುಂಡಗೋಡ–ಹಳಿಯಾಳ ಸೀಮೆಯ ಸಿದ್ದಿ ಮಕ್ಕಳ ಸಂದರ್ಭ

ಸಾರಾಂಶ: ಮೈಬಣ್ಣ ಮತ್ತು ಮೂಲದ ಬಗ್ಗೆ ಚಿಕ್ಕ ಮಕ್ಕಳೆದುರು ಬಾಯಿ ಬಿಡಬಾರದೆಂಬ ಹಿರಿಯರ ಎಚ್ಚರಿಕೆ ಭೇದಭಾವವನ್ನು ತಡೆಯುವುದಿಲ್ಲ, ಪೋಷಿಸುತ್ತದೆ. ಈ ಮಾತು ಅಂಗನವಾಡಿಯಲ್ಲೇ, ಅದರಲ್ಲೂ ಸಿದ್ದಿಯೇತರ ಮಕ್ಕಳೊಡನೆ ಶುರುವಾಗಬೇಕು ಎಂಬುದು ಈ ಲೇಖನದ ವಾದ.

1. ಹಿನ್ನೆಲೆ

ಉತ್ತರ ಕನ್ನಡ ಜಿಲ್ಲೆಯ ಪಾಳಾದಂಥ ಹಳ್ಳಿಯ ಮಗು ಮುಂಡಗೋಡ ಪೇಟೆಗೆ ಬಂದರೆ ಲಂಬಾಣಿ, ಗೌಳಿ, ಸಿದ್ದಿ, ಟಿಬೆಟನ್ ಚಹರೆಗಳೆಲ್ಲ ಕಣ್ಣಿಗೆ ಬೀಳುತ್ತವೆ. ಟಿಬೆಟನ್ ನಿರಾಶ್ರಿತರ ನೆಲೆ ಇಲ್ಲಿ 1966ರಿಂದ ಇದೆ. ಸಿದ್ದಿಗಳು ಅದಕ್ಕಿಂತ ಬಹಳ ಹಿಂದಿನವರು. ಅವರ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

2. ಮಗು ಕಲಿಯುವ ಬಗೆ

ಮೂರು ತಿಂಗಳ ಕೂಸೂ ತನ್ನ ಸುತ್ತ ಹೆಚ್ಚಾಗಿ ಕಾಣುವ ಚಹರೆಗಳತ್ತ ಹೆಚ್ಚು ಹೊತ್ತು ನೋಡುತ್ತದೆ. ಇದು ಪರಿಚಯದ ಫಲ, ದ್ವೇಷವಲ್ಲ. ಮೇಲು–ಕೀಳೆಂಬುದು ಆಮೇಲೆ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ 1940ರ ದಶಕದಲ್ಲಿ ಗೊಂಬೆಗಳನ್ನಿಟ್ಟು ನಡೆಸಿದ ಅಧ್ಯಯನದಲ್ಲಿ, ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳಲ್ಲೇ ಬಹುಪಾಲು ಬಿಳಿ ಗೊಂಬೆಯನ್ನು ಒಳ್ಳೆಯದೆಂದು ಆರಿಸಿದ್ದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ 1954ರ ತೀರ್ಪಿನಲ್ಲಿ ಕೆನೆತ್ ಕ್ಲಾರ್ಕ್ ಅವರ ಬರಹವೂ ಉಲ್ಲೇಖಗೊಂಡಿತು. ನಮ್ಮ ಮನೆಗಳಲ್ಲಿ ಗೊಂಬೆಯೂ ಬೇಕಿಲ್ಲ. ‘ಬಿಸಿಲಾಗ ಆಡಬ್ಯಾಡ, ಕರ್ರಗಾಗ್ತಿ’ ಎಂದು ಗದರಿದರೆ ಸಾಕು, ಕಪ್ಪಾಗುವುದು ಕೇಡೆಂಬ ಪಾಠ ಮಗುವಿಗೆ ಸಿಕ್ಕಿತು.

3. ಉತ್ತರಿಸುವ ಬಗೆ

ಅಂಗನವಾಡಿಯಲ್ಲಿ ಮಗುವೊಂದು ಸಿದ್ದಿ ಗೆಳತಿಯ ಗುಂಗುರು ಕೂದಲಿಗೆ ಕೈಹಾಕಿ, ‘ಅಕ್ಕೋರೇ, ಈಕಿ ಕೂದಲಾ ಯಾಕ ಹಿಂಗದಾವ?’ ಎಂದು ಕೇಳಿತೆನ್ನೋಣ. ‘ಶ್ಶ್, ಹಂಗನಬಾರ್ದು’ ಎಂದು ಬಾಯಿ ಮುಚ್ಚಿಸಿದರೆ ಕೇಳಿದ ಮಗುವಿಗೆ ಅಲ್ಲೇನೋ ಕೊರತೆಯಿದೆ ಎನಿಸುತ್ತದೆ. ಗೆಳತಿಗೆ ನಾಚಿಕೆ ಹುಟ್ಟುತ್ತದೆ. ಬದಲಿಗೆ, ‘ಆಕಿ ಅವ್ವಂದೂ ಹಂಗ ಅದಾವ, ನಿನ್ನವು ನಿಮ್ಮವ್ವನಂಗ ಅದಾವ. ಮುಟ್ಟೂದಕ್ಕ ಮೊದಲ ಆಕೀನ್ನ ಕೇಳು’ ಎಂದರೆ ಕಾರಣ ತಿಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಆರೇಳು ವರ್ಷದವರಿಗೆ ಇನ್ನಷ್ಟು ಹೇಳಬಹುದು: ಚರ್ಮದಲ್ಲಿ ಮೆಲನಿನ್ ಹೆಚ್ಚಿದ್ದರೆ ಬಣ್ಣ ಗಾಢ, ಹಿಂದೆ ಮನುಷ್ಯರನ್ನೇ ಮಾರುತ್ತಿದ್ದರು, ಅದು ಅನ್ಯಾಯ, ಸಿದ್ದಿಗಳ ಹಿರಿಯರು ಅದನ್ನು ಎದುರಿಸಿ ಬದುಕಿದರು.

4. ಮೆಚ್ಚುಗೆಯ ಮಿತಿ

ಶಾಲೆಯ ಗ್ಯಾದರಿಂಗ್‌ನಲ್ಲಿ ಸಿದ್ದಿಗಳ ಡಮಾಮಿ ಕುಣಿತಕ್ಕೆ ಮಾತ್ರ ಸಿದ್ದಿ ಮಕ್ಕಳನ್ನು ಕರೆಯುವುದೂ ಮೂಲವನ್ನು ನೋಡಿ ಅಳೆಯುವುದೇ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಆಫ್ರಿಕಾ ಮೂಲದ ಮೈಕಟ್ಟನ್ನು ನಂಬಿ ಸಿದ್ದಿ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಆರಿಸಿತು. ಕೆಲವರು ಪದಕ ಗೆದ್ದರೂ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಗುವಿಗೆ ಓಟಗಾರರ ಜೊತೆಗೆ 2020ರಲ್ಲಿ ವಿಧಾನ ಪರಿಷತ್ತು ಪ್ರವೇಶಿಸಿದ ಶಾಂತಾರಾಮ ಸಿದ್ದಿಯವರೂ, ಹಳೆ ಸೀರೆಗಳಿಂದ ಕೌದಿ ಹೊಲಿಯುವ ಅಜ್ಜಿಯರ ಕಸುಬೂ ಗೊತ್ತಿರಬೇಕು.

5. ಸಮಾರೋಪ

ಸಂವಿಧಾನದ 15ನೇ ವಿಧಿ ಜನಾಂಗ, ಜಾತಿ, ಹುಟ್ಟಿದ ಸ್ಥಳದ ಹೆಸರಿನಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಅದು ಮಕ್ಕಳ ಒಡನಾಟಕ್ಕೆ ಇಳಿಯಬೇಕಾದರೆ ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರಿಸುವ ಅಭ್ಯಾಸ ಸೇರಬೇಕು. ತನ್ನ ಬಣ್ಣಕ್ಕೆ ಸಮಜಾಯಿಷಿ ಕೊಡುವ ಹೊರೆಯನ್ನು ಸಿದ್ದಿ ಮಗುವಿನ ಮೇಲೆ ಹೊರಿಸಕೂಡದು. ಅದು ಹಿರಿಯರ ಹೊಣೆ.